ಕಸ್ತೂರಕ್ಕನ ಚೌಕಟ್ಟು

ಹಿರೇಬಾವಿಯ ಕಸ್ತೂರಕ್ಕನ ದನಿ ಎಂಥದೆಂದರೆ, ಸರಕಾರಿ ಶಾಲೆಯ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಆಕೆ "ಊಟಕ್ಕ ಬರ್ರ್ಯೋ" ಎಂದು ಕೂಗಿದರೆ, ಮೂರು ಮೈಲಿ ಆಚೆ ಸ್ಟೇಷನ್ನಿನಲ್ಲಿ ಹೊರಟು ನಿಂತ ಗೂಡ್ಸ್ ಗಾಡಿಯ ಡ್ರೈವರ್ ಬ್ರೇಕು ಹಾಕಿ ತನ್ನ ಬುತ್ತಿ ಬಿಚ್ಚುತ್ತಿದ್ದ. ಆಕೆಯ ಸಾರಿನ ಘಮಕ್ಕೆ ಜ್ವರ ಹಿಡಿದು ಮಲಗಿದ ಮಕ್ಕಳು ಕಂಬಳಿ ಒದ್ದು ಶಾಲೆಗೆ ಓಡಿ ಬರುತ್ತಿದ್ದವು. ಇನ್ನೂರು ಮಕ್ಕಳ ಅನ್ನದ ಪಾತ್ರೆಯನ್ನು ಒಂದೇ ಕೈಯಲ್ಲಿ ಇಳಿಸುತ್ತಿದ್ದಳು. ಇನ್ನೊಂದು ಕೈಯಲ್ಲಿ ಅರ್ಜಿ ಇರುತ್ತಿತ್ತು.

ಆ ಅರ್ಜಿಗೆ ಹನ್ನೊಂದು ವರ್ಷ. ಮಕ್ಕಳ ಮೈ ಮುಟ್ಟಿದವರ ದಾಖಲೆ ಪೊಲೀಸರ ಕಪಾಟಿನಲ್ಲಿ ಬೀಗ ಜಡಿದುಕೊಂಡು ಕೂರಬಾರದು, ಹೆತ್ತವರ ಕಣ್ಣಿಗೆ ಬೀಳಬೇಕು, ಅಷ್ಟೇ ಅದರ ಸಾರ. ಅದಕ್ಕೆ ಬಿದ್ದ ಸಹಿಗಳ ಕಾಗದವನ್ನೆಲ್ಲ ಅಂಟಿಸಿದರೆ ತಹಸೀಲ್ದಾರ ಕಚೇರಿಗೆ ಏಳು ಸುತ್ತು ಸುತ್ತಿ, ಗಂಟು ಹಾಕಲು ಇನ್ನೂ ಒಂದು ಮಾರು ಉಳಿಯುತ್ತಿತ್ತು. ಸಂತೆಯಲ್ಲಿ ಆಕೆ ಕಂಡರೆ ಜನ ಮೊದಲೇ ಬಲಗೈ ಮುಂದೆ ಚಾಚುತ್ತಿದ್ದರು. ಒಮ್ಮೆ ಉಪಕಾರ ಮಾಡಲು ಬಂದ ಮಂತ್ರಿಯೊಬ್ಬರು ಆಕೆಯ ಭಾಷಣ ಕೇಳಿ, ಹಾರ ಹಾಕಿಸಿಕೊಳ್ಳುವುದನ್ನೇ ಮರೆತು ಕಾರು ಹತ್ತಿದರು.

ಯಾಕೆ ಈ ಹಟ ಎಂಬುದು ಊರಿಗೆ ತಿಳಿದದ್ದೇ. ಮಗಳು ಇಂಚರಾಳಿಗೆ ಏಳು ವರ್ಷವಿದ್ದಾಗ, ಸ್ವಂತದವನೇ ಒಬ್ಬ, ಕಸ್ತೂರಕ್ಕನ ನಾದಿನಿಯ ಗಂಡ, ಬೇಸಿಗೆ ರಜೆಯಲ್ಲಿ ಮಗುವಿನ ಬಾಳು ಕೆಡಿಸಿದ್ದ. ಕಸ್ತೂರಕ್ಕ ಅಂದೇ ಠಾಣೆಗೆ ಹೋಗಿ ದೂರು ಬರೆಸಿದ್ದಳು. ಮೂರನೆಯ ದಿನ ಪಡಸಾಲೆಯಲ್ಲಿ ಐವರು ಹಿರಿಯರು ಕೂತರು. ನಾದಿನಿ ಎರಡು ಹಸುಗೂಸುಗಳನ್ನು ಮಡಿಲಲ್ಲಿಟ್ಟುಕೊಂಡು ಮೂಲೆಯಲ್ಲಿ ಅಳುತ್ತಿದ್ದಳು. ಅವನು ಊರು ಬಿಡಬೇಕು, ಇವಳು ಕೋರ್ಟು ಬಿಡಬೇಕು ಎಂದು ತೀರ್ಮಾನವಾಯಿತು. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. "ದೂರು ಠಾಣೇದ ಪುಸ್ತಕದಾಗ ಇದ್ದಾ ಇರತೈತಿ ತಂಗಿ, ಕೋರ್ಟಿಗೆ ಮಾತ್ರ ಹೋಗಾಂಗಿಲ್ಲ" ಎಂದರು. ಆಮೇಲೆ ಎಲೆ ಅಡಿಕೆಯ ತಟ್ಟೆ ಬಂತು.

ಆ ಸೀಮೆಯಲ್ಲಿ ರಾಜಿಯ ಎಲೆ ಬಾಯಿಗಿಟ್ಟವರು ಆ ಮಾತನ್ನು ಮತ್ತೆ ನಾಲಿಗೆಯ ಮೇಲೆ ತರುವಂತಿಲ್ಲ. ಕಸ್ತೂರಕ್ಕ ಎಲೆ ತಿಂದಳು. ಅದಕ್ಕೇ ಆಕೆ ಸಾವಿರಾರು ಸಭೆಗಳಲ್ಲಿ ಗುಡುಗಿದರೂ ಅವನ ಹೆಸರು ಒಮ್ಮೆಯೂ ಹೊರಬೀಳಲಿಲ್ಲ. ಯಾರಾದರೂ ಕೇಳಿದರೆ, "ನಾ ಎಲಿ ತಗೊಂಡಾಕಿ. ನನ್ನ ಬಾಯಿ ಹೇಳಾಂಗಿಲ್ಲ. ನೀವು ದಾಖಲಿ ತೆರಸ್ರಿ, ಅದ ಹೇಳತೈತಿ" ಎನ್ನುತ್ತಿದ್ದಳು. ತನ್ನ ಬಾಯಿ ಹೇಳಲಾರದ ಒಂದು ಹೆಸರನ್ನು ಹೇಳಿಸಲಿಕ್ಕೆಂದು ಆಕೆ ಒಂದು ಕಾಯಿದೆಯನ್ನೇ ಹೆರಬೇಕಾಯಿತು.

ಕಾಯಿದೆ ಹುಟ್ಟಿತು. ಅದರ ಜತೆಗೇ ಯಂತ್ರವೂ ಹುಟ್ಟಿತು. ಅದಕ್ಕೆ ಸರಕಾರ ಇಟ್ಟ ಹೆಸರು ಒಂದು ಉಸಿರಿನಲ್ಲಿ ಮುಗಿಯುವಂಥದಲ್ಲ. ಜನ ಚೌಕಟ್ಟು ಎಂದರು. ಶಾಲೆ, ಅಂಗನವಾಡಿ, ಟ್ಯೂಷನ್ನು, ಆಟದ ಮೈದಾನ, ಮಕ್ಕಳು ಸೇರುವ ಪ್ರತಿ ಬಾಗಿಲಿಗೂ ಒಂದು ಚೌಕಟ್ಟು. ಕೆಳಗೆ ತುಳಿಯುವ ಹಾಸು, ಮೇಲೆ ಎರಡು ಕಣ್ಣು, ಅದರ ಮೇಲೊಂದು ದೀಪ. ಮನುಷ್ಯ ಗಡ್ಡ ಬಿಡಬಹುದು, ಹೆಸರು ಬದಲಿಸಬಹುದು, ಊರು ಬಿಡಬಹುದು. ಆದರೆ ಹಿಮ್ಮಡಿ ಊರುವ ಭಾರ, ಮೊಣಕಾಲು ಮಡಚುವ ಓರೆ, ಭುಜ ತೂಗುವ ಲಯ, ಇವನ್ನು ಬಿಡಲಾರ. ಚೌಕಟ್ಟು ನಡಿಗೆಯನ್ನು ಓದಿ, ದಾಖಲೆಯಲ್ಲಿ ಹುಡುಕಿ, ಕಣ್ಣು ಮಿಟುಕಿಸುವುದರೊಳಗೆ ದೀಪ ಹಚ್ಚುತ್ತದೆ. ದಾಖಲೆಯಲ್ಲಿ ಇದ್ದರೆ ಕೆಂಪು, ಇಲ್ಲದಿದ್ದರೆ ಹಸಿರು.

ಅದಕ್ಕಾಗಿ ಊರಿನವರೆಲ್ಲ ಪಡಿತರಕ್ಕೆ ಹೆಬ್ಬೆಟ್ಟು ಕೊಟ್ಟ ಹಾಗೆ ಒಮ್ಮೆ ನಡೆದು ತಮ್ಮ ನಡಿಗೆ ಕೊಡಬೇಕಿತ್ತು. ಆ ದಿನ ಹಿರೇಬಾವಿಯ ಗಂಡಸರು ಇಸ್ತ್ರಿ ಅಂಗಿ ತೊಟ್ಟು, ಮದುಮಕ್ಕಳಂತೆ ಎದೆ ಉಬ್ಬಿಸಿ ನಡೆದರು. ಯಂತ್ರ ಗೊಂದಲಕ್ಕೆ ಬಿದ್ದು, ಊರಿನಲ್ಲಿರುವವರೆಲ್ಲ ಒಬ್ಬನೇ ಮನುಷ್ಯ ಎಂದು ಷರಾ ಬರೆಯಿತು. ಕಸ್ತೂರಕ್ಕ ಸೊಂಟಕ್ಕೆ ಕೈಯಿಟ್ಟು, "ಹೆಣ್ಣು ನೋಡಾಕ ಬಂದೀರೇನ? ದನಾ ಹೊಡಕೊಂಡು ಹೋಗೂ ಹಂಗ ನಡೀರಿ!" ಎಂದು ಅಬ್ಬರಿಸಿದ ಮೇಲೆ ಎಲ್ಲರೂ ತಮ್ಮ ತಮ್ಮ ಕಾಲಿಗೆ ಮರಳಿದರು.

ಬಾಗಿಲುಗಳಿಗೆ ದೀಪ ಹತ್ತಿ ತಿಂಗಳಾದ ಮೇಲೆ, ದಾಖಲೆ ಜನರಿಗೆ ತೆರೆದ ಮೊದಲ ದಿನ, ಆಕೆ ಜಿಲ್ಲಾ ಕೇಂದ್ರದ ದಾಖಲೆ ಭವನಕ್ಕೆ ಹೋದಳು. ಹೋರಾಟಗಾರ್ತಿಗೆ ಮೊದಲ ಹುಡುಕಾಟದ ಗೌರವ. ಗೋಡೆ ತುಂಬ ಪರದೆ, ಪರದೆ ತುಂಬ ಜಿಲ್ಲೆಯ ಸಾವಿರ ಬಾಗಿಲುಗಳು, ಅವುಗಳ ಕೆಳಗೆ ಕಾಲುಗಳೇ ಕಾಲುಗಳು. ಮಧ್ಯದಲ್ಲಿ ಎಂಜಿನಿಯರ್ ಮೆಹಜಬೀನ ಕೂತಿದ್ದಳು. ಇನ್ನೂ ಮೂವತ್ತು ಮುಟ್ಟದ ಹುಡುಗಿ. ಹತ್ತು ಬೆರಳಲ್ಲಿ ನೂರು ಬೆರಳಿನ ಕೆಲಸ ಮಾಡುವವಳು.

"ಹೆಸರು ಹೇಳ್ರಿ ಅಕ್ಕಾರ."

ಕಸ್ತೂರಕ್ಕ ಹೆಸರು ಹೇಳಲಿಲ್ಲ. ಕೈಚೀಲದಿಂದ ಹಳೆಯ ಮದುವೆಯ ಫೋಟೋ ತೆಗೆದು ಒಂದು ಮುಖದ ಮೇಲೆ ಬೆರಳಿಟ್ಟಳು. ಮೆಹಜಬೀನ ಫೋಟೋವನ್ನು ಯಂತ್ರಕ್ಕೆ ತೋರಿಸಿದಳು. ಪರದೆಯ ಮೇಲೆ ಒಬ್ಬ ಮನುಷ್ಯ ನಡೆದು ಬಂದ. ಕೂದಲು ಬೆಳ್ಳಗಾಗಿತ್ತು. ಎಡಗಾಲು ಒಂದಿಷ್ಟು ಎಳೆಯುವ ಅದೇ ನಡಿಗೆ. ಕಸ್ತೂರಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಇನ್ನೊಂದು ಕ್ಷಣ, ಹನ್ನೊಂದು ವರ್ಷ ಕೆಂಪಗೆ ಹೊತ್ತಿಕೊಳ್ಳಲಿತ್ತು.

ಹಸಿರು ಹೊತ್ತಿತು.

"ಮಷೀನು ಕೆಟ್ಟೈತವ್ವಾ," ಎಂದಳು ಕಸ್ತೂರಕ್ಕ.

"ಮತ್ತೊಮ್ಮೆ ನೋಡತೇನ್ರಿ."

ಮತ್ತೊಮ್ಮೆ ಹಸಿರು. ಮೆಹಜಬೀನ ಹಳೆಯ ಠಾಣೆ ಕಾಗದಗಳ ಕಡೆಗೆ ಇಳಿದಳು. ಅಲ್ಲಿ ದೂರು ಸಿಕ್ಕಿತು. ಅದರ ಬೆನ್ನಿಗೇ ಮೂರು ದಿನದ ನಂತರದ ಇನ್ನೊಂದು ಕಾಗದವೂ ಸಿಕ್ಕಿತು. ಹುಡುಗಿ ಅದನ್ನು ಮೆಲ್ಲಗೆ ಓದಿದಳು. "'ಸದರಿ ದೂರನ್ನು ತಪ್ಪು ತಿಳುವಳಿಕೆಯಿಂದ ಕೊಟ್ಟಿದ್ದು, ಅಂಥ ಯಾವ ಘಟನೆಯೂ ನಡೆದಿರುವುದಿಲ್ಲ.' ಕೆಳಗ ಸಹಿ ಐತ್ರಿ... ಕಸ್ತೂರಿ ಹೂಗಾರ."

"ಪುಸ್ತಕದಾಗ ಇರತೈತಿ ಅಂದಿದ್ರು."

"ಇಲ್ಲರೀ ಅಕ್ಕಾರ. ಕೇಸ ಆಗಿಲ್ಲ. ಏನೂ ಇಲ್ಲ."

ಬಾಗಿಲು ತೆರೆಯಲಿಕ್ಕೆ ಹನ್ನೊಂದು ವರ್ಷ ಭುಜ ಕೊಟ್ಟು ನೂಕಿದ್ದಳು. ಒಳಗೆ ಹಣಿಕಿದರೆ ಬರೀ ನೆಲ. ಆ ಕೋಣೆಯನ್ನು ಗುಡಿಸಿ ಇಟ್ಟವಳೂ ಆಕೆಯೇ.

ಮನೆಗೆ ಬಂದಾಗ ಇಂಚರಾ ಅಂಗಳದಲ್ಲಿ ಮಿಕ್ಸರಿನ ಮೋಟಾರು ಬಿಚ್ಚಿ ಕೂತಿದ್ದಳು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕಲಿಯುವ ಹದಿನೆಂಟರ ಹುಡುಗಿ. ಓಣಿಯ ಸತ್ತ ಫ್ಯಾನುಗಳೆಲ್ಲ ಆಕೆ ಮುಟ್ಟಿದರೆ ಎದ್ದು ಕೂರುತ್ತಿದ್ದವು. ಮಾತು ಮಾತ್ರ ಕಡಿಮೆ. ತಾಯಿ ಜಿಲ್ಲೆಗೆಲ್ಲ ಸಾಲುವಷ್ಟು ಆಡುತ್ತಿದ್ದುದರಿಂದ ಮನೆಯಲ್ಲಿ ಉಳಿದದ್ದು ಅಷ್ಟೇ ಇರಬೇಕು ಎಂದು ಓಣಿಯವರು ನಗುತ್ತಿದ್ದರು.

"ಉಂಡಿ ಏನವ್ವಾ?"

"ಉಂಡೆ," ಎಂದಳು ಕಸ್ತೂರಕ್ಕ. ಉಂಡಿರಲಿಲ್ಲ.

"ಕೆಂಪ ಬಂತೇನು?"

ಕಸ್ತೂರಕ್ಕ ಒಳಗೆ ಹೋಗಿ ನೀರಿನ ತಂಬಿಗೆ ಎತ್ತಿಕೊಂಡಳು. ಹೊರಗೆ ಇಂಚರಾ ಸ್ಕ್ರೂಡ್ರೈವರು ಕೆಳಗಿಟ್ಟ ಸಪ್ಪಳ ಕೇಳಿತು.  

ಮೆಹಜಬೀನಳ ಪರದೆಯ ಮೇಲೆ ಅವನು ದಾಟಿ ಬಂದ ಬಾಗಿಲಿನ ಊರೂ ಕಂಡಿತ್ತು: ಸವಳಗಟ್ಟಿ, ಬಸ್ಸಿನಲ್ಲಿ ಎರಡು ತಾಸು. ಮಕ್ಕಳು ಸೇರದ ಬಾಗಿಲಿಗೆ ಚೌಕಟ್ಟು ಇರುವುದಿಲ್ಲ ಎಂಬುದು ಮರುದಿನ ಅತ್ತ ಹೊರಟ ಬಸ್ಸು ಅರ್ಧ ದಾರಿಗೆ ಬಂದ ಮೇಲೆ ಕಸ್ತೂರಕ್ಕನಿಗೆ ಹೊಳೆಯಿತು. ಅಂದರೆ ಅವನು ಮಕ್ಕಳ ನಡುವೆಯೇ ಇದ್ದ.

ಆ ಬಾಗಿಲು ದುಂಡು ಅಕ್ಷರ ಕಲಿಸುವ ತರಗತಿಯದು. ಸವಳಗಟ್ಟಿಯ ಮಕ್ಕಳು ಅಲ್ಲಿ ಮೂರು ತಿಂಗಳು ಕೂತರೆ ಅವರ ಕೈಬರಹಕ್ಕೆ ಅಚ್ಚುಮೊಳೆಗಳೇ ನಾಚಿ ಕರಗುತ್ತವಂತೆ. ಬಾಗಿಲ ಮೇಲೆ ಬಣ್ಣದ ಫಲಕ: "ಹಸಿರು ದೀಪದ ಮಾಸ್ತರು. ನಿಶ್ಚಿಂತೆಯಿಂದ ಮಕ್ಕಳನ್ನು ಕಳಿಸಿರಿ." ಕಿಟಕಿಯಿಂದ ನೋಡಿದಳು. ಸಾಲಾಗಿ ಪುಟ್ಟ ಮಣೆಗಳು. ಅವನು ಒಂದೊಂದು ಮಗುವಿನ ಬೆನ್ನ ಹಿಂದೆ ಬಾಗಿ, ಪುಟ್ಟ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ಹಿಡಿದು ಅಕ್ಷರ ತಿದ್ದಿಸುತ್ತಿದ್ದ.

ಹೊರಗೆ ತಾಯಂದಿರು ಕಟ್ಟೆಯ ಮೇಲೆ ಕೂತಿದ್ದರು. ಒಬ್ಬಳು ಎದ್ದು ನಿಂತು, "ಅಯ್ಯ, ಕಸ್ತೂರಕ್ಕಾರ! ಟೀವ್ಯಾಗ ನೋಡೀವಿ ನಿಮ್ಮನ್ನ! ಬರ್ರಿ, ಕುಂದರ್ರಿ," ಎಂದು ಜಾಗ ಬಿಟ್ಟಳು. ಆಕೆಯ ಹೆಸರು ರತ್ನಾ. ಮಗಳು ಎರಡನೆಯ ಸಾಲಿನಲ್ಲಿ ಕೂತಿದ್ದಳು.

"ನಿಮ್ಮ ಕೂಸುಗಳನ್ನ ಕರಕೊಂಡು ಮನಿಗೆ ಹೋಗ್ರಿ," ಎಂದಳು ಕಸ್ತೂರಕ್ಕ. "ಈ ಮನಶ್ಯಾ ಚಲೋ ಅಲ್ಲ."

"ಯಾವ ಮನಶ್ಯಾ? ಮಾಸ್ತರ?" ರತ್ನಾ ನಕ್ಕಳು. "ದಿನಾ ಇದ್ರ ಕೆಳಗ ಹಾಯತಾರಲ್ರಿ! ಹಸರು ಅಂದ್ರ ಹಸರು. ಬಾಳೀಎಲಿಗಿಂತ ಹಸರು."

"ದೀಪಕ್ಕ ಗೊತ್ತಿಲ್ಲ. ನನಗ ಗೊತ್ತೈತಿ."

ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಬ್ಬಳು, ವಯಸ್ಸಾದವಳು, ಮೃದುವಾಗಿಯೇ ಹೇಳಿದಳು: "ತಪ್ಪು ತಿಳಕೋಬ್ಯಾಡ್ರಿ ಅಕ್ಕಾರ. ನೀವ ಹೇಳೀರಿ ಎಲ್ಲಾ ಸಭಾದಾಗ, ಮಂದಿ ಮಾತು ನಂಬಬ್ಯಾಡ್ರಿ, ದೀಪ ನೋಡ್ರಿ ಅಂತ. ಒಬ್ಬರು ಇನ್ನೊಬ್ಬರ ಹೆಸರು ಸುಮ್ಮ ಸುಮ್ಮನ ಕೆಡಸಬಾರದಂತ ಅಲ್ಲೇನ್ರೀ ಈ ಮಷೀನು ಬಂದದ್ದು?"

ಗೂಡ್ಸ್ ಗಾಡಿ ನಿಲ್ಲಿಸುವ ದನಿಯ ಕಸ್ತೂರಕ್ಕ ಬಾಗಿಲ ಮೇಲಿನ ಫಲಕವನ್ನು ಇನ್ನೊಮ್ಮೆ ಓದಿದಳು. ಅಷ್ಟರಲ್ಲಿ ಅವನು ಬಾಗಿಲಿಗೆ ಬಂದ. ಚೌಕಟ್ಟಿನ ಕೆಳಗೆ ನಿಂತ. ದೀಪ ಹೊತ್ತಿತು. ಬೆಳ್ಳಗಿನ ತಲೆಯ ಮೇಲೆ ಹಸಿರು ಬೆಳಕು ಬಿತ್ತು.

"ವೈನೀ," ಎಂದ, ಅತ್ತಿಗೆಯನ್ನು ಕರೆಯುವ ಅದೇ ಹಳೆಯ ಸಲುಗೆಯಿಂದ. "ಭಾಳ ವರ್ಷ ಆತು. ಆರಾಮದೀರಿ? ಇಂಚರಾ ದೊಡ್ಡಾಕಿ ಆಗಿರಬೇಕು."

ಆಕೆ ತಿರುಗಿ ನಡೆದಳು. ಬಸ್ ನಿಲ್ದಾಣದವರೆಗೂ ಹಿಂದೆ ಮಕ್ಕಳ ದನಿ ಕೇಳುತ್ತಿತ್ತು, ಒಟ್ಟಾಗಿ ಅಕ್ಷರ ಹೇಳುವ ದನಿ.

"ಎರಡ ದಾರಿ ಅದಾವ್ರಿ," ಎಂದಳು ಮೆಹಜಬೀನ. ಮೂರು ದಿನ ಬಿಟ್ಟು ಮತ್ತೆ ದಾಖಲೆ ಭವನಕ್ಕೆ ಬಂದ ಕಸ್ತೂರಕ್ಕನ ಮುಂದೆ, ಪರದೆಗಳನ್ನೆಲ್ಲ ಆರಿಸಿ, ಚಹಾದ ಲೋಟ ಇಟ್ಟಿದ್ದಳು. "ಒಂದು, ಮಗಳು ಬಂದು ಹೇಳಿಕಿ ಕೊಡೂದು. ಹದಿನೆಂಟ ತುಂಬೈತಲ್ಲ, ಆಕೀ ಮಾತು ಸಾಕು. ತನಿಖಿ ಶುರುವಾಗತೈತಿ, ತನಿಖಿ ಮುಗಿಯೂತನಾ ಅವಗ ಕೆಂಪು."

"ಎರಡನೇದು?"

ಹುಡುಗಿ ಕಾಯಿದೆಯ ಪುಸ್ತಕ ತೆರೆದಳು. "ಹದಿನಾಕನೇ ಕಲಮು. ಮುಚ್ಚಿಟ್ಟವರು ತಾವಾಗಿ ಬಂದು, ಹಿಂಗಿಂಗ ಮುಚ್ಚಿಟ್ವಿ ಅಂತ ಹೆಸರು ಹಿಡದು ಹೇಳಿದ್ರ ಅದೂ ನಡೀತೈತಿ. ಆದ್ರ ಹೇಳಿದವರ ಹೆಸರೂ ದಾಖಲಿಗೆ ಹತ್ತತೈತ್ರಿ. ಅವರಿಗೆ ಹಳದಿ ದೀಪ. ಮಕ್ಕಳಿರೋ ಯಾವ ಬಾಗಲಾನೂ ಅವರು ದಾಟಾಂಗಿಲ್ಲ. ಸಾಯೂತನಾ."

"ಆ ಕಲಮು ಹಾಕಿಸಿದಾಕಿ ನಾನ."

"ಗೊತ್ತೈತ್ರಿ ಅಕ್ಕಾರ."

ಹಾಕಿಸುವಾಗ ಆಕೆಯ ಕಣ್ಣ ಮುಂದಿದ್ದವರು ಆ ಐವರು ಹಿರಿಯರು. ಐವರೂ ಈಗ ಮಣ್ಣಾಗಿದ್ದರು. ಪಡಸಾಲೆಯಲ್ಲಿ ಅಂದು ಕೂತವರಲ್ಲಿ ಸಹಿ ಹಾಕಿ ಬದುಕಿ ಉಳಿದವಳು ತಾನೊಬ್ಬಳೇ.

ಅಂದು ಸಂಜೆ ಇಂಚರಾ ರೊಟ್ಟಿ ಬಡಿಯುತ್ತಿದ್ದಳು. ಕಸ್ತೂರಕ್ಕ ಒಲೆಯ ಹತ್ತಿರ ಕೂತು ಎಲ್ಲ ಹೇಳಿದಳು: ಹಸಿರು ದೀಪ, ಕಾಗದ, ಸವಳಗಟ್ಟಿಯ ಮಣೆಗಳು. ಕೊನೆಗೆ, "ನೀ ಒಂದ ಮಾತು ಹೇಳಿದ್ರ ಸಾಕಂತವ್ವಾ. ಅಲ್ಲಿ ಕೂಸುಗಳು ಅದಾವು," ಎಂದಳು.

ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಇಂಚರಾ ಅದನ್ನು ತಿರುವಲಿಲ್ಲ.

"ಅವ್ವಾ, ಸಭಾದಾಗ ನೀ ನನ್ನ ಸುದ್ದಿ ಎಷ್ಟ ಸಲ ಹೇಳಿ?"

"ನಿನ್ನ ಹೆಸರು ಎಲ್ಲೂ..."

"ಹೆಸರು ಬಿಡು. ಹಿರೇಬಾವ್ಯಾಗ ನಿನಗ ಮಗಳು ಎಷ್ಟ ಮಂದಿ?" ರೊಟ್ಟಿ ಕರಕಾಗಿ ಹೊಗೆ ಎದ್ದಿತು. "ನಾ ಸಾಲಿಗೆ ಹೋದ್ರ ಮಂದಿ ನನಗ ಜಾಗಾ ಬಿಡತಿದ್ರು. ದೇವರು ಮೈಮ್ಯಾಲ ಬಂದಾಕಿಗೆ ಬಿಟ್ಟಂಗ. ನೀ ಮಂತ್ರಿಗೆ ಹೇಳಿದಿ, ಪೇಪರಿನವರಿಗೆ ಹೇಳಿದಿ, ಸಂತ್ಯಾಗ ಬದನೀಕಾಯಿ ಮಾರೂವಕಿಗೆ ಹೇಳಿದಿ. ಹನ್ನೊಂದು ವರ್ಷದಾಗ ನನ್ನ ಒಮ್ಮೆರ ಕೇಳಿದೇನು, ಏನಾತವ್ವಾ ನಿನಗ, ಅಂತ?"

ಕಸ್ತೂರಕ್ಕ ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು. ಕೇಳಿದ್ದೆ ಎನ್ನಲು ಒಂದಾದರೂ ದಿನ ನೆನಪಾಗಲೆಂದು ಹುಡುಕಿದಳು. ಠಾಣೆಯಲ್ಲಿ ಕೇಳಿದವನು ಪೊಲೀಸ. ಪಡಸಾಲೆಯಲ್ಲಿ ಕೇಳಿದವರು ಹಿರಿಯರು. ಮಗುವಿನ ಮೈ ತೊಳೆದಿದ್ದಳು, ತಲೆ ಬಾಚಿದ್ದಳು, ಅಪ್ಪಿ ಮಲಗಿಸಿದ್ದಳು. ಕೇಳಿರಲಿಲ್ಲ.

"ಹೆದರಿದ್ದೆ," ಎಂದಳು.

"ನಾನೂ ಹೆದರಿದ್ದೆ. ನನಗ ಏಳ ವರ್ಷಿತ್ತು."

ಇಂಚರಾ ಕರಕು ರೊಟ್ಟಿಯನ್ನು ಇಕ್ಕಳದಿಂದ ತೆಗೆದು ಕೆಳಗಿಟ್ಟಳು. "ನಾ ಹೇಳತೇನಿ. ಯಾವಾಗರ ಹೇಳತೇನಿ. ನನಗ ಹೇಳಬೇಕಂತ ಅನಸಿದ ದಿನ, ನಾ ಯಾರಿಗೆ ಹೇಳಬೇಕಂತೇನೋ ಅವರಿಗೆ. ದೀಪ ಹಚ್ಚೂ ಸಲುವಾಗಿ ಹೇಳಾಂಗಿಲ್ಲ."

"ಆತವ್ವಾ."

"ಸಿಟ್ಟಿಗೆದ್ದಿ?"

"ಇಲ್ಲ."

ಇಬ್ಬರೂ ಒಂದೇ ತಾಟಿನಲ್ಲಿ ಉಂಡರು. ಇಂಚರಾ ತಾಯಿಗೆ ಬಿಸಿ ರೊಟ್ಟಿ ಹಾಕಿ, ಕರಕಾದದ್ದನ್ನು ತಾನು ತಿಂದಳು.

ಮರುದಿನ ಬೆಳಿಗ್ಗೆ ಕಸ್ತೂರಕ್ಕ ದಾಖಲೆ ಭವನದ ಚಿಕ್ಕ ಕೋಣೆಯಲ್ಲಿ ಕೂತಳು. ಎದುರಿಗೆ ಬರೆದುಕೊಳ್ಳುವ ಯಂತ್ರ, ಪಕ್ಕದಲ್ಲಿ ಮೆಹಜಬೀನ. ದೂರು ಕೊಟ್ಟದ್ದು, ಪಡಸಾಲೆ, ಸಹಿ, ಎಲೆ, ಒಂದೊಂದಾಗಿ ಹೇಳಿದಳು. ಇನ್ನು ಹೆಸರು ಉಳಿಯಿತು. ನಾಲಿಗೆ ಏಳಲಿಲ್ಲ.  ಮೆಹಜಬೀನ ನೀರು ಕೊಟ್ಟಳು. ಯಂತ್ರ ಕಾದಿತು, ಅದಕ್ಕೇನು, ಪ್ರಳಯದವರೆಗೂ ಕಾಯಬಲ್ಲದು.

"ಮೃತ್ಯುಂಜಯ," ಎಂದಳು ಕಸ್ತೂರಕ್ಕ. ಎಷ್ಟು ಸಣ್ಣ ದನಿಯೆಂದರೆ, ಯಂತ್ರ ಇನ್ನೊಮ್ಮೆ ಹೇಳಿರಿ ಎಂದಿತು. "ಮೃತ್ಯುಂಜಯ. ನಮ್ಮ ನಾದಿನಿ ಗಂಡ. ಅವ ನನ್ನ ಮಗಳಿಗೆ ಮಾಡಿದ್ದು ಖರೇ. ಅಂಥಾದ್ದೇನೂ ನಡದಿಲ್ಲಂತ ನಾ ಸಹಿ ಹಾಕಿದ್ದು ಸುಳ್ಳು."

"ಒತ್ತಲೇನ್ರಿ ಅಕ್ಕಾರ?" ಮೆಹಜಬೀನಳ ಬೆರಳು ಗುಂಡಿಯ ಮೇಲೆ ನಿಂತಿತ್ತು. ಕಣ್ಣು ತುಂಬಿತ್ತು. "ಒತ್ತಿದ ಮ್ಯಾಲ ತಿರುಗಿ ಬರಾಂಗಿಲ್ಲ."

"ಒತ್ತು ಮಗಳ. ಅಲ್ಲಿ ನಾಕಕ್ಕ ತರಗತಿ ಶುರುವಾಗತೈತಿ."

ನಾಲ್ಕಕ್ಕೆ ಸವಳಗಟ್ಟಿಯ ಬಾಗಿಲಲ್ಲಿ ದೀಪ ಕೆಂಪಾಯಿತು. ಐದಕ್ಕೆ ಕಸ್ತೂರಕ್ಕನ ಫೋನು ಬಡಿದುಕೊಂಡಿತು.

"ನಾ ರತ್ನಾ ರೀ... ಸವಳಗಟ್ಟಿಯಿಂದ."

"ಹೇಳವ್ವಾ."

ರತ್ನಾ ಅತ್ತಳು. ಮಗಳನ್ನು ಕೂರಿಸಿಕೊಂಡು ಕೇಳಿರಬೇಕು ಆಕೆ. ಕೇಳಿದ್ದಕ್ಕೆ ಮಗು ಹೇಳಿರಬೇಕು. ಕಸ್ತೂರಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದು, ಅಂಗಳದ ಕಲ್ಲಿನ ಮೇಲೆ ಕೂತು, ಆ ಅಳು ಮುಗಿಯುವವರೆಗೂ ಕೇಳಿದಳು. ತಾನು ಆ ತರಗತಿಯ ಕಿಟಕಿಯಿಂದ ತಿರುಗಿ ಬಂದು ನಾಲ್ಕು ದಿನವಾಗಿತ್ತು. ಅವನು ಆ ಊರಿಗೆ ಬಂದು ಎಂಟು ವರ್ಷ.

ಸೋಮವಾರ ಎಂದಿನಂತೆ ಕಾಲುಗಳು ಶಾಲೆಯ ಕಡೆಗೇ ಹೋದವು. ಗೇಟಿನ ಹೊರಗೆ ಆಕೆ ನಿಂತಳು. ಒಂದು ಹೆಜ್ಜೆ ಮುಂದಿಟ್ಟು ನೋಡಿದಳು; ದೀಪ ಹಳದಿಯಾಯಿತು. ಹಿಂದೆ ಸರಿದಳು. ಒಳಗೆ ಬೇರೆ ಯಾರೋ ಸಾರು ಕುದಿಸುತ್ತಿದ್ದರು. ಒಗ್ಗರಣೆ ಸೀದ ವಾಸನೆ ಬಂತು. ಹೆಡ್‌ಮಾಸ್ತರು ಅಂಗಳದಲ್ಲಿ ಕಂಡರು. ಆಕೆಯನ್ನು ನೋಡಿ, ಏನೋ ಮರೆತವರಂತೆ ಒಳಗೆ ಹೋದರು. ಊಟದ ಗಂಟೆ ಬಾರಿಸಿತು. ಯಾರೂ ಕೂಗಲಿಲ್ಲ.

ಮೂರನೆಯ ಇಯತ್ತೆಯ ಭೂಮಿಕಾ ತಾಟು ಹಿಡಿದು ಗೇಟಿನ ಸರಳುಗಳ ಹತ್ತಿರ ಬಂದಳು.

"ಆಯೀ, ಒಳಗ ಬರ್ರಿ. ಸಾರು ಸಪ್ಪಗೈತಿ."

"ಬರಾಕ ಬರಾಂಗಿಲ್ಲ, ಬಂಗಾರಾ."

ಹುಡುಗಿ ಕತ್ತೆತ್ತಿ ದೀಪ ನೋಡಿದಳು. ಶಾಲೆಯಲ್ಲಿ ಅದರ ಪಾಠ ಆಗಿತ್ತು; ದೀಪದ ಬಣ್ಣಗಳೆಲ್ಲ ಬಾಯಿಪಾಠ. "ನೀವು ಏನ ತಪ್ಪ ಮಾಡೀರಿ?"

ಕಸ್ತೂರಕ್ಕ ಮೊಣಕಾಲೂರಿ ಮಗುವಿನ ಎತ್ತರಕ್ಕೆ ಕೂತಳು. ಸರಳು ಹಿಡಿದುಕೊಂಡಳು.

"ಸುಮ್ಮನಿದ್ದೆ."

ಭೂಮಿಕಾ ಹುಬ್ಬು ಗಂಟಿಕ್ಕಿ ವಿಚಾರ ಮಾಡಿದಳು. ಅವಳ ವರ್ಗದಲ್ಲಿ ಸುಮ್ಮನಿದ್ದವರಿಗೆ ಟೀಚರು ಶಹಬ್ಬಾಸ್ ಎನ್ನುತ್ತಿದ್ದರು.

"ಎಷ್ಟೊತ್ತು?"

"ಹನ್ನೊಂದು ವರ್ಷ," ಎಂದಳು ಕಸ್ತೂರಕ್ಕ.